ಒಂದು ಫ್ರೇಮಿಗೆ ಹನ್ನೆರಡು ನಿಮಿಷ: ರೆಂಡರಿಂಗ್ ಕೆಲಸ ಹಂಚುದು ಹೇಗೆ

(ಉಡುಪಿಯ ಒಂದು ಕಾಲೇಜಲ್ಲಿ ಅನಿಮೇಷನ್ ಮತ್ತು ಕಂಪ್ಯೂಟರ್ ಸೈನ್ಸ್ ಕಲಿಯುವವರ ಎದುರು ಮಾತಾಡಿದ್ದು. ಅಲ್ಲಿ ಬೋರ್ಡಲ್ಲಿ ಬರೆದು ತೋರಿಸಿದ್ದನ್ನು ಇಲ್ಲಿ ಮಾತಲ್ಲೇ ಹೇಳಿದ್ದೇನೆ, ಕೊನೆಗೆ ಕೇಳಿದ ಪ್ರಶ್ನೆಗಳೂ ಉಂಟು.)

ಮೊದಲು ಒಂದು ಲೆಕ್ಕ ಮಾಡುವ. ನಾನು ಮತ್ತೆ ಮೂರು ಜನ ಫ್ರೆಂಡ್ಸ್ ಸೇರಿ ನಾಲ್ಕು ನಿಮಿಷದ ಒಂದು ಅನಿಮೇಷನ್ ಮಾಡಿದ್ವಿ, ಬಯಲಾಟದ್ದು. ಕೊಯ್ಲು ಮುಗಿದ ಗದ್ದೆ, ನಡುವಲ್ಲಿ ರಂಗಸ್ಥಳ, ನಾಲ್ಕು ಟ್ಯೂಬ್‌ಲೈಟ್, ಮೇಲೆ ಕಪ್ಪು ಆಕಾಶ, ಒಂದು ವೇಷ ತೆರೆಯ ಹಿಂದಿನಿಂದ ಬಂದು ಕುಣಿತದೆ, ಅಷ್ಟೇ. ಸೆಕೆಂಡಿಗೆ 24 ಫ್ರೇಮ್, ಅಂದ್ರೆ 24 ಚಿತ್ರ, ನಾಲ್ಕು ನಿಮಿಷ ಅಂದ್ರೆ 240 ಸೆಕೆಂಡ್, ಒಟ್ಟು 5,760 ಫ್ರೇಮ್. ಬ್ಲೆಂಡರ್ ಅನ್ನುವ ಅನಿಮೇಷನ್ ಸಾಫ್ಟ್‌ವೇರಲ್ಲಿ, ಅದರೊಳಗೆ ಬೆಳಕಿನ ಲೆಕ್ಕ ಹಾಕುವ ಸೈಕಲ್ಸ್ ಹಾಕಿ ಒಂದು ಫ್ರೇಮ್ ರೆಂಡರ್ ಮಾಡಿದ್ರೆ, ಅಂದ್ರೆ ಸೀನಿಂದ ಚಿತ್ರ ತೆಗೆದು ನೋಡಿದ್ರೆ, ನಮ್ಮ ಒಳ್ಳೆ ಮೆಷಿನಲ್ಲೇ 12 ನಿಮಿಷ. ಈಗ ಗುಣಿಸಿ. 69,120 ನಿಮಿಷ, ಅಂದ್ರೆ 1,152 ಗಂಟೆ, ಹಗಲು ರಾತ್ರಿ ಬಿಡದೆ ಓಡಿಸಿದ್ರೂ 48 ದಿನ. ನಮ್ಮ ಕೈಯಲ್ಲಿ ಇದ್ದದ್ದು 20 ದಿನ.

ಒಂದು ಚಿತ್ರಕ್ಕೆ 12 ನಿಮಿಷ ಯಾಕೆ ಬೇಕು ಅಂತ ಕೇಳಿದ್ರೆ, ಕಂಪ್ಯೂಟರ್ ಚಿತ್ರ ಬಿಡಿಸುದಿಲ್ಲ, ಬೆಳಕಿನ ಲೆಕ್ಕ ಹಾಕ್ತದೆ. ಸ್ಕ್ರೀನಿನ ಒಂದೊಂದು ಪಿಕ್ಸೆಲ್‌ನಿಂದ ಸೀನ್ ಒಳಗೆ ಒಂದು ರೇ, ಅಂದ್ರೆ ಬೆಳಕಿನ ಗೆರೆ, ಬಿಡ್ತದೆ, ಅದು ಹೋಗಿ ಎಲ್ಲಿಗೆ ತಾಗಿತು, ಅಲ್ಲಿಗೆ ಟ್ಯೂಬ್‌ಲೈಟಿನ ಬೆಳಕು ಎಷ್ಟು ಬರ್ತದೆ, ಅಲ್ಲಿಂದ ಪುಟಿದು ಮತ್ತೆ ಎಲ್ಲಿಗೆ ಹೋಯ್ತು, ಹೀಗೆ ನೋಡ್ತಾ ಹೋಗುದು. ಕಿರೀಟದಲ್ಲಿ ಕನ್ನಡಿ ಚೂರು ಉಂಟಲ್ಲಾ, ಒಂದು ಚೂರಿಗೆ ತಾಗಿದ ರೇ ಇನ್ನೊಂದಕ್ಕೆ ಹೋಗಿ ಅಲ್ಲಿಂದ ಭುಜಕೀರ್ತಿಗೆ ಹೋಗಿ, ಮುಗಿಯುದೇ ಇಲ್ಲ. 1980ರಲ್ಲಿ ಬೆಲ್ ಲ್ಯಾಬ್ಸ್‌ನ ಟರ್ನರ್ ವಿಟ್ಟೆಡ್ ಈ ಪುಟಿಯುವ ರೇಗಳ ಲೆಕ್ಕವನ್ನು ಒಂದು ಪೇಪರಲ್ಲಿ ಬರೆದಾಗ, ಚೌಕ ಚೌಕದ ನೆಲದ ಮೇಲೆ ಎರಡು ಗೋಳ ಇರುವ ಒಂದು ಚಿತ್ರಕ್ಕೆ ವ್ಯಾಕ್ಸ್-11/780 ಮೆಷಿನಲ್ಲಿ 74 ನಿಮಿಷ ಹಿಡಿದಿತ್ತು, ಅದೂ 640 ಇಂಟು 480 ಸೈಜಿಗೆ. ಈಗಿನ ಫುಲ್ ಎಚ್‌ಡಿ ಅಂದ್ರೆ 1920 ಇಂಟು 1080, ಒಟ್ಟು 20,73,600 ಪಿಕ್ಸೆಲ್, ಒಂದೊಂದಕ್ಕೆ ನೂರಾರು ರೇ.

ನೂರಾರು ಯಾಕೆ ಅಂದ್ರೆ, ರೇ ಎಲ್ಲಿಗೆ ಪುಟಿಯಬೇಕು ಅಂತ ಪ್ರತೀ ಸಲ ಚೀಟಿ ಎತ್ತಿದ ಹಾಗೆ ನಿರ್ಧಾರ ಆಗುದು, ಸ್ವಲ್ಪವೇ ಚೀಟಿ ಎತ್ತಿದ್ರೆ ಚಿತ್ರದ ಮೇಲೆ ರವೆ ಚೆಲ್ಲಿದ ಹಾಗೆ ಕಾಳು ಕಾಳು ಬರ್ತದೆ, ಇದನ್ನೇ ನಾಯ್ಸ್ ಅನ್ನುದು. ಇದು ಕಮ್ಮಿ ಆಗುವ ರೀತಿ ಸ್ವಲ್ಪ ಬೇಜಾರಿಂದು. ಸ್ಯಾಂಪಲ್, ಅಂದ್ರೆ ಒಂದು ಪಿಕ್ಸೆಲ್‌ಗೆ ಬಿಡುವ ರೇ, ಡಬಲ್ ಮಾಡಿದ್ರೆ ನಾಯ್ಸ್ ಅರ್ಧ ಆಗುದಿಲ್ಲ, ಅರ್ಧ ಆಗ್ಬೇಕಾದ್ರೆ ನಾಲ್ಕು ಪಟ್ಟು ಬೇಕು. 256ರಲ್ಲಿ ಇದ್ದ ಕಾಳು ಅರ್ಧ ಆಗ್ಲಿಕ್ಕೆ 1,024. ಹಾಗಾಗಿ ಮೆಷಿನ್ ಎಷ್ಟು ಫಾಸ್ಟ್ ಬಂದ್ರೂ ಸಾಕಾಗುದಿಲ್ಲ, ನಾವು ಅಷ್ಟೇ ಜಾಸ್ತಿ ಕೇಳ್ತೇವೆ.

ಈಗ ಇದ್ರಲ್ಲಿ ಒಂದು ಚಂದದ ವಿಷಯ ಉಂಟು. ಈ ಮೂಲೆಯ ಪಿಕ್ಸೆಲ್‌ಗೆ ಆ ಮೂಲೆಯ ಪಿಕ್ಸೆಲ್ ಏನು ಬಣ್ಣ ಬಂತು ಅಂತ ಗೊತ್ತಾಗುವ ಅಗತ್ಯವೇ ಇಲ್ಲ. ಸೀನ್ ಒಂದು ಕೈಗೆ ಸಿಕ್ಕಿದ್ರೆ ಸಾಕು, ಅದರ ಲೆಕ್ಕ ಅದಕ್ಕೆ.

ನನ್ನ ಅಮ್ಮ ಬೀಡಿ ಕಟ್ಟುವವರು. ಇಲ್ಲಿ ಕೂತಿರುವ ಎಷ್ಟೋ ಜನರ ಮನೆಯಲ್ಲೂ ಅಮ್ಮ, ಅಜ್ಜಿ, ಅತ್ತೆ ಯಾರಾದ್ರೂ ಕಟ್ಟಿರ್ತಾರೆ, ಮಂಗ್ಳೂರು ಉಡುಪಿ ಕಡೆ ಎಷ್ಟೋ ಮಕ್ಕಳ ಫೀಸ್ ಅದ್ರಲ್ಲೇ ಕಟ್ಟಿದ್ದು. ಬೀಡಿ ಬ್ರಾಂಚಿಗೆ ಹೋಗಿ ಎಲೆ, ಹೊಗೆಸೊಪ್ಪಿನ ಹುಡಿ, ನೂಲು ತರುದು, ಮನೆ ಜಗಲಿಯಲ್ಲಿ ತಡ್ಪೆ (ಮೊರ) ಮಡಿಲಲ್ಲಿ ಇಟ್ಕೊಂಡು ಕಟ್ಟುದು, ಕಟ್ಟು ಮಾಡಿ ವಾಪಸ್ ಕೊಡುದು. ನಮ್ಮ ಮನೆಯಲ್ಲಿ ಕಟ್ಟುವ ಬೀಡಿಗೂ ಪಕ್ಕದ ಮನೆಯಲ್ಲಿ ಕಟ್ಟುವ ಬೀಡಿಗೂ ಏನೂ ಸಂಬಂಧ ಇಲ್ಲ, ಅಮ್ಮ ಪಕ್ಕದ ಮನೆಯವರನ್ನು ಕೇಳಿ ಕಟ್ಟುದಲ್ಲ. ಊರಲ್ಲಿ ಹತ್ತು ಮನೆ ಕಟ್ಟಿದ್ರೆ ಹತ್ತು ಪಾಲು, ನೂರು ಮನೆ ಕಟ್ಟಿದ್ರೆ ನೂರು ಪಾಲು. ರೆಂಡರ್ ಫಾರ್ಮ್ ಅಂತ ದೊಡ್ಡ ಹೆಸರು ಇಟ್ಟದ್ದು ಸಹ ಇದೇ ಏರ್ಪಾಡಿಗೆ. 1995ರ ಟಾಯ್ ಸ್ಟೋರಿ ಪೂರ್ತಿ ಕಂಪ್ಯೂಟರಲ್ಲೇ ಮಾಡಿದ ಮೊದಲನೇ ಫುಲ್ ಲೆಂತ್ ಸಿನಿಮಾ, ಅದನ್ನು ರೆಂಡರ್ ಮಾಡಿದ್ದು 117 ಸನ್ ಮೆಷಿನ್‌ಗಳಲ್ಲಿ, ಒಟ್ಟು 8 ಲಕ್ಷ ಮೆಷಿನ್ ಗಂಟೆ ಹಿಡಿದಿತ್ತು. ಒಂದೇ ಮೆಷಿನಲ್ಲಿ ಕೂತ್ಕೊಂಡು ಮಾಡಿದ್ರೆ 91 ವರ್ಷ.

ಬೀಡಿಯಲ್ಲೇ ಇನ್ನೊಂದು ಮಾತು ಉಂಟು. ಒಂದು ಬೀಡಿಯ ಎಲೆ ತಂದು ಕಟ್ಟಿ ಕೊಟ್ಟು, ಪುನಃ ಇನ್ನೊಂದು ಬೀಡಿಯ ಎಲೆ ತರ್ಲಿಕ್ಕೆ ಬ್ರಾಂಚಿಗೆ ನಡೆದ್ರೆ ದಿನ ಇಡೀ ನಡೆಯುದೇ ಆಯ್ತು. ಹಾಗಂತ ಇಡೀ ವರ್ಷದ್ದು ಒಟ್ಟಿಗೆ ತಂದ್ರೆ, ಒಬ್ರಿಗೆ ಜ್ವರ ಬಂದ್ರೆ ಅವರ ಪಾಲು ಇಡೀ ಹಾಗೇ ಬಿದ್ದಿರ್ತದೆ. ಎಷ್ಟು ದೊಡ್ಡ ತುಂಡು ಮಾಡಿ ಹಂಚ್ಬೇಕು ಅನ್ನುವ ಪ್ರಶ್ನೆ ಇದು, ಪ್ಯಾರಲಲ್ ಕಂಪ್ಯೂಟಿಂಗಲ್ಲಿ, ಅಂದ್ರೆ ಲೆಕ್ಕವನ್ನು ಹಂಚಿ ಒಟ್ಟಿಗೆ ಮಾಡಿಸುದರಲ್ಲಿ, ಅರ್ಧ ತಲೆಬಿಸಿ ಇದೇ. ರೆಂಡರಿಂಗಲ್ಲಿ ಮೂರು ಕಡೆ ತುಂಡು ಮಾಡ್ಬಹುದು: ಒಂದು ಚಿತ್ರದೊಳಗಿನ ಚೌಕಗಳು, ಇಡೀ ಫ್ರೇಮ್‌ಗಳು, ಅಥವಾ ಸ್ಯಾಂಪಲ್‌ಗಳು.

ನಾವು ಮೊದಲು ಮಾಡಿದ್ದು ಚಿತ್ರವನ್ನೇ ತುಂಡು ಮಾಡಿದ್ದು. ನಾಲ್ಕು ಕಂಪ್ಯೂಟರ್, ಚಿತ್ರ ಅಡ್ಡಕ್ಕೆ ನಾಲ್ಕು ಪಟ್ಟಿ, ಒಬ್ಬರಿಗೆ ಒಂದು. ಮೇಲಿನ ಪಟ್ಟಿಯಲ್ಲಿ ಬರೀ ಆಕಾಶ, ರೇ ಹೋಗಿ ಏನಕ್ಕೂ ತಾಗದೆ ಹೊರಗೆ ಹೋಗ್ತದೆ, ಆ ಮೆಷಿನ್ ಕಣ್ಣು ಮುಚ್ಚಿ ತೆಗೆಯುದರೊಳಗೆ ಮುಗಿಸಿ ಕೂತಿತು. ಎರಡನೇದರಲ್ಲಿ ರಂಗಸ್ಥಳದ ಚಪ್ಪರ ಮತ್ತು ಟ್ಯೂಬ್‌ಲೈಟ್, ಪರವಾಗಿಲ್ಲ. ನಾಲ್ಕನೇದರಲ್ಲಿ ಗದ್ದೆಯ ಮಣ್ಣು, ಅದೂ ಪರವಾಗಿಲ್ಲ. ಮೂರನೇ ಪಟ್ಟಿಯಲ್ಲಿ ವೇಷ ಉಂಟು, ಕಿರೀಟ ಭುಜಕೀರ್ತಿ ಎದೆಪದಕ ಎಲ್ಲಾ ಅಲ್ಲೇ. ಉಳಿದ ಮೂರು ಮೆಷಿನ್ ಸುಮ್ಮನೆ ಫ್ಯಾನ್ ತಿರುಗಿಸ್ಕೊಂಡು ಕೂತಿವೆ, ಇದೊಂದು ಮಾತ್ರ ಬಿಸಿಯಾಗಿ ದುಡಿತಾ ಉಂಟು. ನಾಲ್ಕು ಮೆಷಿನ್ ಹಾಕಿ ಸಿಕ್ಕಿದ ಲಾಭ ಎರಡು ಪಟ್ಟು ಸಹ ಇಲ್ಲ. ಜಾಗ ಸಮಪಾಲು ಮಾಡಿದ್ವಿ, ಕೆಲಸ ಸಮಪಾಲು ಆಗ್ಲಿಲ್ಲ.

ಇದಕ್ಕೆ ಮದ್ದು ಹಳೇದೇ. ಅಡಿಕೆ ಸುಲಿಯುವಾಗ ಯಾರೂ ರಾಶಿಯನ್ನು ಮೊದಲೇ ಪಾಲು ಮಾಡಿ ಕೊಡುದಿಲ್ಲ, ನಡುವಲ್ಲಿ ರಾಶಿ, ಸುತ್ತ ಜನ, ಕೈ ಖಾಲಿ ಆದವರು ಎಳ್ಕೊಳ್ತಾರೆ, ಸ್ಪೀಡಿನವರು ಜಾಸ್ತಿ ಸುಲಿತಾರೆ, ನಿಧಾನದವರು ಕಮ್ಮಿ, ಎಲ್ಲರಿಗೂ ಒಟ್ಟಿಗೆ ಮುಗಿತದೆ. ಚಿತ್ರವನ್ನು ಸಣ್ಣ ಸಣ್ಣ ಚೌಕ ಮಾಡಿ ಒಂದು ಸಾಲಲ್ಲಿ ಇಟ್ಟು, ಮುಗಿಸಿದ ಕೋರ್, ಅಂದ್ರೆ ಕಂಪ್ಯೂಟರಿನ ಸಿಪಿಯು ಒಳಗೆ ಲೆಕ್ಕ ಮಾಡುವ ಒಂದೊಂದು ಘಟಕ, ಬಂದು ಮುಂದಿನ ಚೌಕ ತಕ್ಕೊಂಡು ಹೋಗುದು, ಅಷ್ಟೇ. ಒಂದು ಸಿಪಿಯು ಒಳಗೆ ಎಷ್ಟೋ ರೆಂಡರರ್‌ಗಳು ಇದನ್ನೇ ಮಾಡುದು, ಸ್ಕ್ರೀನಲ್ಲಿ ಚೌಕ ಚೌಕ ತುಂಬ್ತಾ ಹೋಗುದನ್ನು ನೀವೂ ನೋಡಿರ್ತೀರಿ.

ಆದ್ರೆ ಬೇರೆ ಬೇರೆ ಕಂಪ್ಯೂಟರ್ ಆದಾಗ ಫ್ರೇಮ್ ಲೆಕ್ಕದಲ್ಲಿ ಹಂಚುದೇ ಒಳ್ಳೇದು ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ಲಿಕ್ಕೆ ಕಂಪ್ಯೂಟರ್ ಎಂಜಿನಿಯರ್ ಜೀನ್ ಆಮ್ಡಾಲ್ 1967ರಲ್ಲಿ ಹೇಳಿದ ಮಾತು ಬೇಕು. ಒಂದು ಕೆಲಸದಲ್ಲಿ ಹಂಚ್ಲಿಕ್ಕೆ ಆಗದ ಭಾಗ ಎಷ್ಟು ಉಂಟೋ ಅದೇ ನಿಮ್ಮ ಮಿತಿ. ನಮ್ಮ 12 ನಿಮಿಷದಲ್ಲಿ ಸುಮಾರು ಒಂದು ನಿಮಿಷ ಫೈಲ್ ಓಪನ್ ಆಗುದು, ಟೆಕ್ಸ್ಚರ್, ಅಂದ್ರೆ ವಸ್ತುಗಳ ಮೇಲೆ ಅಂಟಿಸುವ ಚಿತ್ರಗಳು, ಲೋಡ್ ಆಗುದು, ರೇ ಎಲ್ಲಿಗೆ ತಾಗ್ತದೆ ಅಂತ ಬೇಗ ಹುಡುಕ್ಲಿಕ್ಕೆ ಸೀನನ್ನು ಡಬ್ಬಿಯೊಳಗೆ ಡಬ್ಬಿ ಮಾಡಿ ಜೋಡಿಸುದು, ಇದಕ್ಕೇ ಹೋಗ್ತಿತ್ತು. ಉಳಿದ 11 ನಿಮಿಷವನ್ನು ಸಾವಿರ ಕೋರಿಗೆ ಹಂಚಿ, ಲಕ್ಷ ಕೋರಿಗೆ ಹಂಚಿ, ಆ ಒಂದು ನಿಮಿಷ ಹಾಗೇ ಉಳಿತದೆ, ಅಂದ್ರೆ 12 ಪಟ್ಟಿಗಿಂತ ಜಾಸ್ತಿ ಸ್ಪೀಡ್ ಜನ್ಮದಲ್ಲಿ ಸಿಗುದಿಲ್ಲ. ಅದೇ ಒಂದೊಂದು ಮೆಷಿನಿಗೆ ಬೇರೆ ಬೇರೆ ಫ್ರೇಮ್ ಕೊಟ್ರೆ? ಆ ಒಂದು ನಿಮಿಷ ಎಲ್ಲಾ ಮೆಷಿನಲ್ಲೂ ಹೋಗ್ತದೆ ನಿಜ, ಆದ್ರೆ ಎಲ್ಲಾ ಕಡೆ ಒಂದೇ ಹೊತ್ತಿಗೆ ಹೋಗ್ತದೆ, ಯಾರೂ ಯಾರನ್ನೂ ಕಾಯುದಿಲ್ಲ. ಹಾಗಾಗಿ ಮೊದಲು ಕೇಳ್ಕೊಳ್ಬೇಕಾದ್ದು, ನಿಮಗೆ ಒಂದು ಚಿತ್ರ ಬೇಗ ಬೇಕಾ, ಇಲ್ಲ ಎಲ್ಲಾ ಚಿತ್ರ ಒಟ್ಟಿಗೆ ಬೇಗ ಮುಗಿಬೇಕಾ. ಈ ಎರಡಕ್ಕೆ ಉತ್ತರ ಬೇರೆ ಬೇರೆ.

ನಮ್ಮ ಹತ್ರ ಕೊನೆಗೆ ಆರು ಮೆಷಿನ್ ಆಯ್ತು. ಒಂದು 12 ನಿಮಿಷದ್ದು, ಎರಡು ಹಳೇದು 20 ನಿಮಿಷದ್ದು, ಮೂರು ತುಂಬಾ ಹಳೇದು 30 ನಿಮಿಷದ್ದು. ದೊಡ್ಡ ಸಾಫ್ಟ್‌ವೇರ್ ಏನೂ ಹಾಕ್ಲಿಲ್ಲ. ನೆಟ್‌ವರ್ಕಲ್ಲಿ ಒಂದು ಶೇರ್ಡ್ ಫೋಲ್ಡರ್, ಬ್ಲೆಂಡರಿನ ಔಟ್‌ಪುಟ್ ಸೆಟ್ಟಿಂಗಲ್ಲಿ ಓವರ್‌ರೈಟ್ ಅನ್ನುದನ್ನು ತೆಗೆದು ಪ್ಲೇಸ್‌ಹೋಲ್ಡರ್ಸ್ ಅನ್ನುದಕ್ಕೆ ಟಿಕ್ ಹಾಕಿದ್ವಿ. ಆಗ ಒಂದು ಮೆಷಿನ್ 101ನೇ ಫ್ರೇಮ್ ಶುರು ಮಾಡುವಾಗಲೇ ಆ ಹೆಸರಲ್ಲಿ ಒಂದು ಖಾಲಿ ಫೈಲ್ ಇಟ್ಟುಬಿಡ್ತದೆ, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ, ಇನ್ನೊಂದು ಮೆಷಿನ್ ಬಂದು ನೋಡಿ, ಓ ಇದು ಆಗಿದೆ ಅಂತ 102ಕ್ಕೆ ಹೋಗ್ತದೆ. ಅಡಿಕೆ ರಾಶಿ ಹಾಗೇ. ಸ್ಪೀಡಿನ ಮೆಷಿನ್ ತಾನಾಗಿ ಜಾಸ್ತಿ ಫ್ರೇಮ್ ಎಳ್ಕೊಳ್ತದೆ. ಕಾಗದದ ಲೆಕ್ಕದಲ್ಲಿ 48 ದಿನದ್ದು 14 ದಿನಕ್ಕೆ ಬಂತು.

ಒಂದು ಎಚ್ಚರ, ಇದನ್ನು ವಿಡಿಯೋ ಫೈಲಾಗಿ ರೆಂಡರ್ ಮಾಡ್ಬೇಡಿ, ಒಂದೊಂದು ಫ್ರೇಮ್ ಒಂದೊಂದು ಇಮೇಜ್ ಫೈಲಾಗಿ ಬರ್ಬೇಕು. ನಮ್ಮದು ಜೂನ್ ತಿಂಗಳು, ಮಳೆಗೆ ದಿನಕ್ಕೆ ಎರಡು ಸಲ ಕರೆಂಟ್ ಹೋಗ್ತಿತ್ತು, ಹೋದಾಗ ಕೈಯಲ್ಲಿದ್ದ ಆರು ಫ್ರೇಮ್ ಮಾತ್ರ ಹೋಯ್ತು, ಆ ಖಾಲಿ ಫೈಲ್‌ಗಳನ್ನು ಡಿಲೀಟ್ ಮಾಡಿ ಪುನಃ ಶುರು ಮಾಡಿದ್ರೆ ಆಯ್ತು. ಮತ್ತೆ ನಮ್ಮ ಊರಿನ ಸೆಕೆ ನಿಮಗೆ ಗೊತ್ತಲ್ಲಾ, ಮುಚ್ಚಿದ ರೂಮಲ್ಲಿ ಆರು ಮೆಷಿನ್ ಇಟ್ರೆ ಪ್ರೊಸೆಸರ್ ಬಿಸಿಯಾಗಿ ತಾನಾಗಿ ಸ್ಪೀಡ್ ಕಮ್ಮಿ ಮಾಡ್ಕೊಳ್ತದೆ. ಕಿಟಕಿ ತೆಗೆದು ಟೇಬಲ್ ಫ್ಯಾನ್ ಇಟ್ಟ ಮೇಲೆ ಫ್ರೇಮಿನ ಟೈಮ್ ಇಳಿದದ್ದು ಕಣ್ಣಿಗೆ ಕಾಣ್ತಿತ್ತು.

ಈಗ ನಾನು ಇವತ್ತು ಹೇಳ್ಲೇಬೇಕು ಅಂತ ಬಂದ ವಿಷಯ. ರೆಂಡರಿಂಗ್ ಹಂಚುದು ಸುಲಭ. ಕಷ್ಟ ಇರುದು ಅದರ ಮೊದಲು ಮತ್ತು ಅದರ ನಂತರ. ಯಾವುದು ಹಂಚ್ಲಿಕ್ಕೆ ಆಗುದಿಲ್ಲ ಅಂತ ಮೊದಲೇ ಹುಡುಕ್ಬೇಕು, ನಾವು ಹುಡುಕ್ಲಿಲ್ಲ, ಮೂರು ದಿನ ಹೋಯ್ತು.

ತೆರೆ ಸೀನ್. ಇಬ್ಬರು ತೆರೆ ಹಿಡ್ಕೊಂಡಿದ್ದಾರೆ, ಹಿಂದೆ ವೇಷ ಕುಣಿತದೆ, ಗಾಳಿಗೆ ತೆರೆ ಅಲುಗಾಡ್ತದೆ. ತೆರೆಗೆ ಕ್ಲಾತ್ ಸಿಮ್ಯುಲೇಷನ್ ಹಾಕಿದ್ವಿ, ಅಂದ್ರೆ ಬಟ್ಟೆ ಹೇಗೆ ಅಲುಗಾಡ್ತದೆ ಅಂತ ಕಂಪ್ಯೂಟರೇ ಲೆಕ್ಕ ಹಾಕುದು. ಆರು ಮೆಷಿನಲ್ಲಿ ರೆಂಡರ್ ಆಗಿ ಬಂದದ್ದನ್ನು ಜೋಡಿಸಿ ಪ್ಲೇ ಮಾಡಿದ್ರೆ, ಬಟ್ಟೆ ಚಂದ ಅಲುಗಾಡ್ತಾ ಇದ್ದದ್ದು ನಡುನಡುವೆ ಒಂದು ಫ್ರೇಮ್ ಪ್ಲೈವುಡ್ ಹಲಗೆ ಹಾಗೆ ಸಪಾಟಾಗಿ ನಿಂತ್ಕೊಳ್ತದೆ, ಪುನಃ ಅಲುಗಾಡ್ತದೆ, ಪುನಃ ಹಲಗೆ. ಯಾಕೆ ಅಂದ್ರೆ ಬಟ್ಟೆ 500ನೇ ಫ್ರೇಮಲ್ಲಿ ಹೇಗಿರ್ತದೆ ಅಂತ ಗೊತ್ತಾಗ್ಬೇಕಾದ್ರೆ 499ರಲ್ಲಿ ಹೇಗಿತ್ತು ಅಂತ ಬೇಕು, ಅದಕ್ಕೆ 498, ಹೀಗೆ ಮೊದಲಿನವರೆಗೆ. ಐದನೇ ಮೆಷಿನಿಗೆ ಸೀದ 500 ಕೊಟ್ರೆ ಅದಕ್ಕೆ ಹಿಂದಿನ ಕಥೆ ಗೊತ್ತಿಲ್ಲ. ಬೆಳಕಿಗೆ ಹಿಂದಿನ ಫ್ರೇಮ್ ನೆನಪು ಬೇಡ, ಬಟ್ಟೆಗೆ, ನೀರಿಗೆ, ಹೊಗೆಗೆ ಬೇಕು. ಇದನ್ನು ಒಂದೇ ಮೆಷಿನಲ್ಲಿ ಮೊದಲಿಂದ ಕೊನೆವರೆಗೆ ಲೆಕ್ಕ ಹಾಕಿ ಫೈಲಲ್ಲಿ ಉಳಿಸಿಡ್ಬೇಕು, ಬೇಕ್ ಮಾಡುದು ಅಂತಾರೆ, ಆಮೇಲೆ ಆ ಫೈಲನ್ನು ಎಲ್ಲಾ ಮೆಷಿನಿಗೆ ಕೊಡ್ಬೇಕು. ಬೇಕ್ ಮಾಡ್ಲಿಕ್ಕೆ ಹೋದದ್ದು ಬರೀ ಎರಡು ಗಂಟೆ. ಅದನ್ನು ಮೊದಲೇ ಮಾಡದ್ದಕ್ಕೆ ತೆರೆ ಸೀನ್ ಇಡೀ ಪುನಃ ರೆಂಡರ್ ಮಾಡ್ಬೇಕಾಯ್ತು. 14 ದಿನದ್ದು 17 ದಿನ ಆದದ್ದು ಹಾಗೆ.

ಇನ್ನೊಂದು ಪೋಸ್ಟರಿಂದು. ಒಂದೇ ಚಿತ್ರ, ದೊಡ್ಡ ಸೈಜ್, ಕಾಳು ಇಲ್ಲದೆ ಬೇಕು. ನಾಲ್ಕು ಮೆಷಿನಲ್ಲಿ ಅದೇ ಚಿತ್ರ 256 ಸ್ಯಾಂಪಲಲ್ಲಿ ತೆಗೆದು ನಾಲ್ಕನ್ನೂ ಸರಾಸರಿ ಮಾಡಿದ್ರೆ 1,024 ಸ್ಯಾಂಪಲಿಗೆ ಸಮ, ಯೋಚನೆ ಸರಿಯೇ. ಸರಾಸರಿ ಮಾಡಿ ನೋಡಿದ್ರೆ ಒಂದು ಕಾಳೂ ಕಮ್ಮಿ ಆಗ್ಲಿಲ್ಲ. ಕಿರೀಟದ ಅಂಚನ್ನು ದೊಡ್ಡದು ಮಾಡಿ ನಾಲ್ಕು ಚಿತ್ರವನ್ನೂ ಪಕ್ಕ ಪಕ್ಕ ಇಟ್ಟು ನೋಡಿದಾಗ ಗೊತ್ತಾಯ್ತು, ನಾಲ್ಕರಲ್ಲೂ ಕಾಳು ಅದೇ ಪಿಕ್ಸೆಲಲ್ಲಿ ಕೂತಿದೆ. ಚೀಟಿ ಎತ್ತುದು ಅಂದೆನಲ್ಲಾ, ಕಂಪ್ಯೂಟರ್ ಚೀಟಿ ಎತ್ತುದು ಸೀಡ್ ಅನ್ನುವ ಒಂದು ನಂಬರಿಂದ ಶುರು ಮಾಡಿ, ನಾಲ್ಕರಲ್ಲೂ ಸೀಡ್ ಸೊನ್ನೆ ಇತ್ತು, ನಾಲ್ಕೂ ಅದೇ ಚೀಟಿ ಅದೇ ಸಾಲಲ್ಲಿ ಎತ್ತಿದವು. ಒಂದೇ ಚಿತ್ರವನ್ನು ನಾಲ್ಕು ಸಲ ಕೂಡಿಸಿ ನಾಲ್ಕರಿಂದ ಭಾಗಿಸಿದ್ರೆ ಅದೇ ಚಿತ್ರ. ಸೀಡ್ 1, 2, 3, 4 ಅಂತ ಬದಲಿಸಿದ ಮೇಲೆ ಸರಿ ಆಯ್ತು. ಇದನ್ನು ಮಾಡುವವರು ಬೆಳಕಿನ ಅಳತೆ ಹಾಗೇ ಉಳಿಸುವ ಇಎಕ್ಸ್‌ಆರ್ ಫೈಲಲ್ಲೇ ಮಾಡಿ, ಜೆಪೆಗಲ್ಲಿ ಬೆಳಕಿನ ನಿಜವಾದ ಅಳತೆ ಉಳಿದಿರುದಿಲ್ಲ, ಸರಾಸರಿ ತಪ್ತದೆ.

ಜಿಪಿಯು ಅಂದ್ರೆ ಗ್ರಾಫಿಕ್ಸ್ ಕಾರ್ಡಿನ ಪ್ರೊಸೆಸರ್, ಅದರ ಬಗ್ಗೆ ಹೇಳದೆ ಇದ್ರೆ ನೀವು ಬಿಡುದಿಲ್ಲ. 2007ರಲ್ಲಿ ಎನ್‌ವಿಡಿಯಾ ಕಂಪೆನಿ ಕುಡಾ ಅನ್ನುವ ಸಾಫ್ಟ್‌ವೇರ್ ಹೊರಗೆ ಬಿಟ್ಟ ಮೇಲೆ ಗ್ರಾಫಿಕ್ಸ್ ಕಾರ್ಡಲ್ಲಿ ಎಂತಹ ಲೆಕ್ಕವನ್ನೂ ಬರೆದು ಓಡಿಸ್ಲಿಕ್ಕೆ ಸುಲಭ ಆಯ್ತು, 2018ರಿಂದ ರೇ ಎಲ್ಲಿಗೆ ತಾಗಿತು ಅಂತ ಹುಡುಕ್ಲಿಕ್ಕೇ ಬೇರೆ ಹಾರ್ಡ್‌ವೇರ್ ಇರುವ ಆರ್‌ಟಿಎಕ್ಸ್ ಕಾರ್ಡ್ ಬಂತು. 2022ರ ಆರ್‌ಟಿಎಕ್ಸ್ 4090ರಲ್ಲಿ 16,384 ಕೋರ್. ಆದ್ರೆ ಇವು ಸಿಪಿಯು ಕೋರಿನ ಹಾಗೆ ಒಂದೊಂದು ತನ್ನಷ್ಟಕ್ಕೆ ಕೆಲಸ ಮಾಡುವಂಥದ್ದಲ್ಲ. ಮಠದ ಊಟದ ಪಂಕ್ತಿ ನೋಡಿ. ಒಂದು ಪಂಕ್ತಿಯಲ್ಲಿ 32 ಎಲೆ ಅಂತ ಇಟ್ಕೊಳ್ಳಿ, ಎನ್‌ವಿಡಿಯಾ ಕಾರ್ಡಲ್ಲೂ ಥ್ರೆಡ್‌ಗಳು, ಅಂದ್ರೆ ಒಂದೊಂದು ಸಣ್ಣ ಲೆಕ್ಕದ ಕೆಲಸಗಳು, 32ರ ಪಂಕ್ತಿಯಲ್ಲೇ ಕೂರುದು, ವಾರ್ಪ್ ಅಂತ ಹೆಸರು. ಸಾರು ಬಂದಾಗ ಎಲ್ಲರಿಗೂ ಸಾರು, ಪಾಯಸ ಬಂದಾಗ ಎಲ್ಲರಿಗೂ ಪಾಯಸ. ನನಗೆ ಪಾಯಸ ಬೇಡ ಅಂದವರು ಎದ್ದು ಹೋಗುವ ಹಾಗಿಲ್ಲ, ಪಂಕ್ತಿ ಏಳುವವರೆಗೆ ಎಲೆ ಮುಂದೆ ಕೂತಿರ್ಬೇಕು. 32 ರೇಗಳಲ್ಲಿ ನಾಲ್ಕು ಕಿರೀಟದ ಕನ್ನಡಿಗೆ ತಾಗಿ, 28 ಆಕಾಶಕ್ಕೆ ಹೋದ್ರೆ, ಆ ನಾಲ್ಕರ ಲೆಕ್ಕ ಮುಗಿಯುವವರೆಗೆ ಉಳಿದ 28 ಸುಮ್ಮನೆ ಕೂತಿರ್ತವೆ. ಹಾಗಾಗಿ ಈಗಿನ ರೆಂಡರರ್‌ಗಳು ಕನ್ನಡಿಗೆ ತಾಗಿದ ರೇಗಳನ್ನೆಲ್ಲಾ ಹೆಕ್ಕಿ ಒಂದು ಪಂಕ್ತಿ, ಬಟ್ಟೆಗೆ ತಾಗಿದ್ದನ್ನೆಲ್ಲಾ ಇನ್ನೊಂದು ಪಂಕ್ತಿ ಮಾಡಿ ಕೂರಿಸ್ತವೆ. 2021ರ ಡಿಸೆಂಬರಲ್ಲಿ ಬಂದ ಬ್ಲೆಂಡರ್ 3.0ರಲ್ಲಿ ಸೈಕಲ್ಸ್ ಅನ್ನು ಜಿಪಿಯುಗೆ ಈ ರೀತಿಯಲ್ಲೇ ಪುನಃ ಬರೆದ್ರು, ಸ್ಪೀಡ್ ತುಂಬಾ ಸಿಕ್ಕಿತು.

ಜಿಪಿಯುದ ದೊಡ್ಡ ತೊಂದರೆ ಮೆಮೊರಿ. ಸೀನ್ ಇಡೀ ಕಾರ್ಡಿನೊಳಗೆ ಕೂರ್ಬೇಕು. ಸೀನೇ ಒಂದು ಮೆಷಿನಲ್ಲಿ ಹಿಡಿಯದಷ್ಟು ದೊಡ್ಡದಾದ್ರೆ ವಸ್ತುಗಳನ್ನೇ ಹಂಚುದು ಉಂಟು, ಒಂದು ಮೆಷಿನಿಗೆ ಗದ್ದೆ, ಒಂದಕ್ಕೆ ಚಪ್ಪರ, ಪ್ರತಿಯೊಂದೂ ಪೂರ್ತಿ ಸೈಜಿನ ಚಿತ್ರ ತೆಗೆದು ಒಂದೊಂದು ಪಿಕ್ಸೆಲ್ ಎಷ್ಟು ದೂರ ಅಂತಲೂ ಬರೆದಿಡ್ತದೆ, ಕೊನೆಗೆ ಯಾವುದು ಹತ್ತಿರವೋ ಅದನ್ನು ಇಟ್ಕೊಳ್ಳುದು. 1994ರಲ್ಲಿ ಮೋಲ್ನರ್, ಕಾಕ್ಸ್, ಎಲ್ಸ್‌ವರ್ತ್, ಫುಕ್ಸ್ ಅನ್ನುವ ನಾಲ್ಕು ಜನ ಪ್ಯಾರಲಲ್ ರೆಂಡರಿಂಗನ್ನು ಮೂರು ಜಾತಿ ಮಾಡಿ ಬರೆದ ಪೇಪರಲ್ಲಿ ಇದಕ್ಕೆ ಸಾರ್ಟ್ ಲಾಸ್ಟ್ ಅಂತ ಹೆಸರಿಟ್ರು, ಸ್ಕ್ರೀನನ್ನು ಮೊದಲೇ ಹಂಚುದು ಸಾರ್ಟ್ ಫಸ್ಟ್. ಹವಾಮಾನ, ಸ್ಕ್ಯಾನಿಂಗ್ ಇಂಥ ದೊಡ್ಡ ಡೇಟಾ ತೋರಿಸುವ ಪ್ಯಾರಾವ್ಯೂ ಅನ್ನುವ ಸಾಫ್ಟ್‌ವೇರ್ ಇವತ್ತಿಗೂ ಸಾರ್ಟ್ ಲಾಸ್ಟ್ ದಾರಿಯಲ್ಲೇ ಹೋಗುದು.

ಪ್ರಶ್ನೆಗಳಿಗೆ ಬರುವ. ಹಿಂದಿನ ಸಾಲಿನ ಒಬ್ಬ ಹುಡುಗ ಕೇಳಿದ, ಸರ್, ಗೇಮಲ್ಲಿ ಸೆಕೆಂಡಿಗೆ 60 ಫ್ರೇಮ್ ಬರ್ತದಲ್ಲಾ, ನಿಮಗೆ ಒಂದಕ್ಕೇ 12 ನಿಮಿಷ ಯಾಕೆ ಅಂತ. ಒಳ್ಳೆ ಪ್ರಶ್ನೆ. ಗೇಮಿಗೆ ಒಂದು ಫ್ರೇಮಿಗೆ ಇರುದು 16.6 ಮಿಲಿಸೆಕೆಂಡ್, ಹೆಚ್ಚಿನ ಗೇಮ್ ರೇಯನ್ನು ಹಿಂಬಾಲಿಸುದಿಲ್ಲ, ತ್ರಿಕೋಣಗಳನ್ನು ಸ್ಕ್ರೀನಿಗೆ ಅಂಟಿಸಿ ಬಣ್ಣ ತುಂಬ್ತದೆ, ನೆರಳು ಪ್ರತಿಬಿಂಬಕ್ಕೆಲ್ಲಾ ಬೇರೆ ಉಪಾಯ. ರೇ ಬಿಟ್ರೂ ಪಿಕ್ಸೆಲಿಗೆ ಒಂದೋ ಎರಡೋ ಬಿಟ್ಟು ಕಾಳನ್ನು ಡಿನಾಯ್ಸರ್‌ನಿಂದ ಒರೆಸ್ತದೆ.

ಒಬ್ಬರು ಮೇಡಂ ಕೇಳಿದ್ರು, ನಮ್ಮ ಲ್ಯಾಬಲ್ಲಿ ಮೂವತ್ತು ಕಂಪ್ಯೂಟರ್ ರಾತ್ರಿ ಇಡೀ ಸುಮ್ಮನೆ ಇರ್ತದೆ, ಮಕ್ಕಳ ಪ್ರಾಜೆಕ್ಟಿಗೆ ಹೀಗೆ ಹಾಕ್ಬಹುದಾ ಅಂತ. ಖಂಡಿತ ಹಾಕಿ ಮೇಡಂ ಅಂದೆ. ಎಲ್ಲಾದ್ರಲ್ಲೂ ಒಂದೇ ವರ್ಷನ್ ಬ್ಲೆಂಡರ್ ಇರ್ಲಿ, ಸಿಪಿಯು ಮತ್ತೆ ಜಿಪಿಯು ಕಲಸ್ಬೇಡಿ, ಚೂರು ಚೂರು ವ್ಯತ್ಯಾಸ ಬಂದ್ರೂ ವಿಡಿಯೋ ಓಡುವಾಗ ಮಿಣುಕಿದ ಹಾಗೆ ಕಾಣ್ಬಹುದು. ಎಲ್ಲಾ ಮೆಷಿನಲ್ಲೂ ಮೊದಲು ಅದೇ ಒಂದು ಫ್ರೇಮ್ ಸಣ್ಣ ಸೈಜಲ್ಲಿ ತೆಗೆದು ಪಕ್ಕ ಪಕ್ಕ ಇಟ್ಟು ನೋಡಿ, ಆಮೇಲೆ ಸಾವಿರ ಫ್ರೇಮ್ ಹಾಕಿ.

ಈಗಲೇ ನೋಡುವ ಅಂತ ಮಕ್ಕಳು ಲ್ಯಾಬಿಗೆ ಕರ್ಕೊಂಡು ಹೋದ್ರು. ಮೂರು ಮೆಷಿನಲ್ಲಿ ನನ್ನ ಪೆನ್‌ಡ್ರೈವಿನ ಬಯಲಾಟದ ಫೈಲ್ ಹಾಕಿದ್ವಿ. ಎರಡರಲ್ಲಿ ಸರಿ ಬಂತು. ಮೂರನೇದರಲ್ಲಿ ವೇಷ ಇಡೀ ಪಿಂಕ್, ಕಿರೀಟವೂ ಪಿಂಕ್, ತೆರೆಯೂ ಪಿಂಕ್. ಟೆಕ್ಸ್ಚರ್ ಸಿಗದಿದ್ರೆ ಬ್ಲೆಂಡರ್ ಹಾಗೆ ತೋರಿಸುದು. ಮೊದಲಿನ ಎರಡಕ್ಕೆ ಫೋಲ್ಡರ್ ಇಡೀ ಕಾಪಿ ಮಾಡಿದ್ವಿ, ಇದಕ್ಕೆ ಬ್ಲೆಂಡ್ ಫೈಲ್ ಒಂದನ್ನೇ ಹಾಕಿದ್ರು. ಟೆಕ್ಸ್ಚರನ್ನು ಫೈಲಿನೊಳಗೇ ಪ್ಯಾಕ್ ಮಾಡಿ ಕೊಟ್ಟು ಪುನಃ ರೆಂಡರ್ ಒತ್ತಿ ಕ್ಯಾಂಟೀನಿಗೆ ಚಾ ಕುಡಿಲಿಕ್ಕೆ ಹೋದ್ವಿ, ಬರುವಾಗ ಮೂರೂ ಸ್ಕ್ರೀನಲ್ಲಿ ಒಂದೇ ವೇಷ ನಿಂತಿತ್ತು.